ಮಾಲ್ಟ್ ಅಂದ್ರೆ ರಾಗಿ

೨೦೨೪ರ ಜುಲೈ ೨೦, ಮಧ್ಯಾಹ್ನ ಮೂರೂ ಹತ್ತು. ಮೆಲ್ಬರ್ನಿನ ಕ್ಲಬ್ಬೊಂದರ ಮನೆಬಿಯರ್ ಸ್ಪರ್ಧೆಯಲ್ಲಿ, ಗೋಪೀನಾಥ ಮಾಡಿದ ಚಳಿಗಾಲದ ಕಪ್ಪು ಏಲ್ ಬಿಯರನ್ನು ಮೂಗಿಗೆ ಹಿಡಿದ ತೀರ್ಪುಗಾರ್ತಿ ಗ್ಲಾಸನ್ನು ಇಳಿಸಲೇ ಇಲ್ಲ.

"ಹುರಿದ ಮಾಲ್ಟ್ ಅಂದ್ರೆ ಬಾರ್ಲಿ ಕಣೇ! ನೀನು ರಾಗಿ ಸುರಿದು ಅಂಬಲಿ ಮಾಡಿಟ್ಟೆ. ಮೂರು ವರ್ಷ ಸೋತಿದ್ದು ಸಾಲ್ದಾ?" ಗೋಪೀನಾಥ ಹೆಂಡತಿಯ ಕಿವಿಯಲ್ಲಿ ಗೊಣಗಿದ.

"ನಮ್ಮನೇಲಿ ಮಾಲ್ಟ್ ಅಂದ್ರೆ ರಾಗಿ ತಾನೇ? ಫೋನಲ್ಲಿ 'ಹುರಿದ ಮಾಲ್ಟ್ ಹಾಕು' ಅಂದ್ರಿ ಅಷ್ಟೇ, ಬಾರ್ಲಿ ಅಂತ ಬಿಡಿಸಿ ಹೇಳ್ಬೇಕಿತ್ತು ರೀ," ಎಂದಳು ಊರ್ಮಿಳಾ.

"ಏನಿದು ಘಮ?" ತೀರ್ಪುಗಾರ್ತಿ ಇಂಗ್ಲಿಷಿನಲ್ಲಿ ಕೇಳಿದಳು. ಊರ್ಮಿಳಾ ಮುಂದೆ ಬಂದಳು. "ರಾಗಿ, ಮೇಡಂ. ನಾನೇ ಮೊಳಕೆ ಬರಿಸಿ ಹುರಿದದ್ದು."

ಎಲ್ಲರ ಬಿಯರನ್ನೂ ಒಂದೊಂದೇ ಗುಟುಕು ಕುಡಿದಿದ್ದ ತೀರ್ಪುಗಾರ್ತಿ ಈ ಗ್ಲಾಸನ್ನು ಪೂರ್ತಿ ಬರಿದು ಮಾಡಿ, ಅಂಕ ಬರೆದಳು: ಐವತ್ತಕ್ಕೆ ನಲವತ್ತೇಳು.