ಬೆರಳಿನ ಭಾರ

"ಸಿಗ್ತಿಲ್ಲ ಡಾಕ್ಟರಮ್ಮ! ನಾಡಿ ಹೊಡ್ಕೊಳ್ತಾನೇ ಇಲ್ಲ!"

ತಂಗಿಯ ಪಾದದ ಮೇಲೆ ಬೆರಳೂರಿ ಕೂತಿದ್ದ ನೇಕಾರ ಕೂಗಿಕೊಂಡ. ಅವಳ ಕಾಲಿನ ಆಪರೇಷನ್ನಿನ ಹೊಲಿಗೆ ಬಿಚ್ಚಿಯಾಗಿತ್ತು. ಪಾದ ಒತ್ತಿ ತುಳಿದಾಗಲೂ ನಾಡಿ ನಿಲ್ಲದಿದ್ದರೆ ಅವಳು ಮತ್ತೆ ಮಗ್ಗಕ್ಕೆ ಕೂರಬಹುದು ಎಂದು ಡಾಕ್ಟರಮ್ಮ ಹೇಳಿದ್ದರು. ಅವರು ಕೈ ತೊಳೆದು ಬರುವಷ್ಟೂ ತಾಳ್ಮೆ ಇವನಿಗಿರಲಿಲ್ಲ. "ಮೊದಲು ನಾನು ನೋಡ್ತೀನಿ" ಎಂದು ಸ್ಟೂಲೆಳೆದುಕೊಂಡಿದ್ದ. ನಾಡಿ ಸಿಗುವ ಜಾಗ ಅವನಿಗೆ ಗೊತ್ತಿತ್ತು.

ಆಪರೇಷನ್ನಿಗೆ ಮುಂಚೆ ಇದೇ ಕೋಣೆಯಲ್ಲಿ ಡಾಕ್ಟರಮ್ಮ ಅವನ ಬೆರಳು ಹಿಡಿದು ಅಲ್ಲೇ ಇರಿಸಿದ್ದರು. ಮಗ್ಗದ ಹಲಗೆ ತುಳಿದಂತೆ ತಂಗಿ ಪಾದ ಒತ್ತಿದ್ದೇ ತಡ, ಟಕಟಕ ಎನ್ನುತ್ತಿದ್ದ ನಾಡಿ ನಿಂತೇ ಹೋಗಿತ್ತು. "ಮೊಣಕಾಲ ಹಿಂದೆ ಸ್ನಾಯು ಅಡ್ಡ ಬಂದಿದೆ. ಹುಟ್ಟಿದಾಗಿಂದ್ಲೂ ಹಾಗೇ. ತುಳಿದಾಗೆಲ್ಲ ರಕ್ತನಾಳ ಹಿಂಡುತ್ತೆ" ಎಂದಿದ್ದರು. ಮೀನಖಂಡ ಹಿಡಿದುಕೊಂಡು ಅವಳು ಮಗ್ಗ ಬಿಟ್ಟೆದ್ದಾಗಲೆಲ್ಲ, "ಎದ್ದಳಪ್ಪ ಮಹಾರಾಣಿ! ಈ ವಯಸ್ಸಿಗೇ ಕಾಲುನೋವಂತೆ! ನಾಟಕ ಸಾಕು, ಜೋರಾಗಿ ತುಳಿ" ಎಂದು ಪಕ್ಕದ ಮಗ್ಗದಿಂದ ಕೂಗುತ್ತಿದ್ದವನು ಅವನೇ.

ಈಗ ತಂಗಿಯ ಮುಖ ಬಾಡಿತು. "ಸರಿಯಾಗಿ ನೋಡಣ್ಣ."

ಅವನು ಹಲ್ಲು ಕಚ್ಚಿ ಇನ್ನಷ್ಟು ಒತ್ತಿದ. ಇಲ್ಲ, ಏನೂ ಇಲ್ಲ.

ಡಾಕ್ಟರಮ್ಮ ಬಗ್ಗಿ ನೋಡಿದರು. ಪಾದವನ್ನಲ್ಲ, ಅವನ ಉಗುರನ್ನು. "ಬೆಳ್ಳಗಾಗಿದೆ ನೋಡ್ಕೊಳ್ಳಿ. ಸ್ನಾಯು ಕತ್ತರಿಸಿ ರಕ್ತಕ್ಕೆ ದಾರಿ ಬಿಡಿಸಿದ್ದೀನಿ, ಈಗ ನೀವೇ ಹಿಂಡ್ತಾ ಕೂತಿದ್ದೀರಲ್ಲ ಯಜಮಾನ್ರೇ! ನೂಲನ್ನೂ ಹೀಗೇ ಮುಟ್ತೀರಾ?"

ಅವನು ನಾಚಿ ಬೆರಳು ಸಡಿಲಿಸಿದ. ಮಗ್ಗದ ಹಾಸುನೂಲಿನಲ್ಲಿ ಕಡಿದ ಎಳೆ ತಡಕುವಾಗ ಇರುವಷ್ಟೇ ಹಗುರ. ಚರ್ಮದಡಿ ಏನೋ ಮಿಸುಕಿತು. ಮರುಗಳಿಗೆ ತಟಕ್ಕನೆ ಎದ್ದು ಬೆರಳಿಗೆ ಬಡಿಯಿತು.

"ಇದೆ! ಇದೆ ಕಣೇ! ತುಳಿ ಈಗ, ತುಳಿ!" ಇನ್ನೊಂದು ಅಂಗೈಯನ್ನು ಅವಳ ಪಾದದಡಿ ಹಲಗೆಯಂತೆ ಒಡ್ಡಿದ. ಅವಳು ಉಸಿರು ಬಿಗಿಹಿಡಿದು ಒತ್ತಿದಳು. ನಾಡಿ ನಿಲ್ಲಲಿಲ್ಲ. ಮತ್ತೆ ಒತ್ತಿದಳು. ಲಾಳಿ ಓಡಿದ ಹಾಗೆ ಅದರ ಪಾಡಿಗೆ ಅದು ಓಡುತ್ತಲೇ ಇತ್ತು.

"ಸಾಕು, ಕೈ ತೆಗೀರಿ. ಡಾಕ್ಟರು ನಾನು, ನಾನೂ ಒಂದ್ಸಲ ನೋಡ್ಬೇಡ್ವೇ?"

ಅವನು ಬೆರಳು ತೆಗೆಯಲಿಲ್ಲ. ಕಣ್ಣೊರೆಸಿಕೊಳ್ಳಲು ಕೈಗೇ ಬಿಡುವಿರಲಿಲ್ಲ.

ತಂಗಿ ದಿಂಬಿಗೊರಗಿದಳು. "ಹೇಗಿದೆಯಣ್ಣ, ನಾಟಕ?"