ಆಕಾಶ ಚೆನ್ನಾಗಿತ್ತು

ಆಲೂಗಡ್ಡೆ ಕಿತ್ತು ಮುಗಿಯುವ ಕಾಲ. ಹಿಮ ಬೀಳುವ ಮೊದಲು ಚೀಲಗಳೆಲ್ಲ ನೆಲಮಾಳಿಗೆ ಸೇರಬೇಕು. ಬುರುಲ್ ಅರ್ಧ ಸಾಲು ಬಿಟ್ಟು ಎದ್ದು, ಕೈಯ ಮಣ್ಣನ್ನು ಲಂಗಕ್ಕೆ ಒರೆಸಿಕೊಂಡು ರೇಡಿಯೋ ಕ್ಲಬ್ಬಿನ ಕಡೆ ನಡೆದಳು. ಬೈಗುಳಕ್ಕೆ ಅವಳು ತಯಾರಾಗಿಯೇ ಹೊರಟಿದ್ದಳು. ಸ್ಪರ್ಧೆ ಕೆಟ್ಟದ್ದು ತನ್ನಿಂದಲೇ ಎಂದು ಅವಳಿಗೂ ಗೊತ್ತಿತ್ತು.

ಕ್ಲಬ್ಬೆಂದರೆ ಊರಾಚೆಯ ಒಂದು ಕೋಣೆ. ಹಿಂದೆ ಅಲ್ಲಿ ಹಾಲು ಅಳೆಯುತ್ತಿದ್ದರು. ಅದರ ಬೆನ್ನಿಗೆ ಎತ್ತರದ ಮರದ ಕಂಬ. ಕಂಬದ ತುದಿಗೆ ಕಟ್ಟಿದ ತಂತಿಯೇ ಕ್ಲಬ್ಬಿನ ಬಾಯಿಯೂ ಕಿವಿಯೂ. ಶನಿವಾರದ ಗಾಳಿ ಸಂಜೆಗೆ ನಿಂತು ಕಣಿವೆಗೆ ಮಂಜು ಇಳಿದಿತ್ತು. ಮಂಗಳವಾರವಾದರೂ ಅದು ಎದ್ದಿರಲಿಲ್ಲ. ಕಂಬದ ಕೆಳಗಿನ ಅರ್ಧವಷ್ಟೇ ಕಾಣುತ್ತಿತ್ತು.

"ಬಂದಳು ನೋಡಿ ಮಹಾರಾಣಿ," ಎಂದ ಅಧ್ಯಕ್ಷ ಬೈಸಲ್. ಜಿಲ್ಲಾ ಪಟ್ಟಣದವನು, ಸ್ವಂತ ಕಾರಿನಲ್ಲಿ ಬಂದು ಹೋಗುವವನು. "ಆ ಕುರ್ಚಿ ಬೇಡ. ಅದು ರೇಡಿಯೋದಲ್ಲಿ ಮಾತಾಡಕ್ಕೆ ಬರೋರ ಕುರ್ಚಿ."

ಬುರುಲ್ ಬೆಂಚಿನ ಮೇಲೆ ಕೂತಳು. ಮೂಲೆಯಲ್ಲಿ ಇಸ್ಮಾನಲಿ ಅಜ್ಜ ಚಹಾದಲ್ಲಿ ಒಣರೊಟ್ಟಿ ಅದ್ದುತ್ತಿದ್ದ. ಕ್ಲಬ್ಬನ್ನು ಕಟ್ಟಿದವನು ಅವನೇ. ಅವನ ಸಹಿ ಇಲ್ಲದೆ ಸ್ಪರ್ಧೆಯ ಅಂಕಗಳು ಇಲ್ಲಿಂದ ಹೊರಡುವಂತಿಲ್ಲ.

ವರ್ಷಕ್ಕೊಮ್ಮೆ ಶನಿವಾರ, ಭಾನುವಾರ ಜಗತ್ತಿನ ರೇಡಿಯೋ ಹವ್ಯಾಸಿಗಳೆಲ್ಲ ಪೈಪೋಟಿಗೆ ಇಳಿಯುತ್ತಾರೆ. ಹೆಚ್ಚು ಜನರನ್ನು ಕರೆದು ಮಾತಾಡಿಸಿದ ಕ್ಲಬ್ಬು ಗೆದ್ದಂತೆ. ಶನಿವಾರದ ಮೊದಲ ಸರದಿ ಬುರುಲಳದಾಗಿತ್ತು.

"ಬೆಳಿಗ್ಗೆಯಿಂದ ಕೂತು ಎಷ್ಟು ಜನರನ್ನ ಹಿಡಿದೆ? ಬೆರಳು ಮಡಚಿದರೆ ಮುಗೀತು. ಅದರಲ್ಲೂ ಒಬ್ಬನ ಹತ್ತಿರ ಅವನ ಮಗಳ ಮದುವೆ ಪುರಾಣ. ಇದು ಸ್ಪರ್ಧೆ ಕಣೆ, ಹಾಲು ಹಾಕೋ ಸಾಲಲ್ಲ."

"ಅವನೇ ಶುರು ಮಾಡಿದ್ದು, ಬಾಯ್ಕೆ. ಮಧ್ಯದಲ್ಲಿ ಬಿಟ್ಟುಬಿಡಕ್ಕಾಗುತ್ತಾ?" ಬಾಯ್ಕೆ ಎಂದರೆ ಇಲ್ಲಿ ಅಣ್ಣ ಎಂದಂತೆ.

"ನನಗಾಗುತ್ತೆ. ಅದಕ್ಕೇ ನಾನು ಅಧ್ಯಕ್ಷ, ನೀನು ಹಸು ಕಾಯೋಳು. ಆಮೇಲೆ ಸರದಿ ಮುಗಿಯೋ ಮೊದಲೇ ಎದ್ದು ಹೋದೆ. ಅದೂ ಅವನೇ ಶುರು ಮಾಡಿದ್ದಾ?"

"ಜುಮಾಶ್ ಅಜ್ಜ ತೀರಿಹೋಗಿದ್ದ. ಗಾಳಿಗೆ ಗುಡಾರ ನಿಲ್ತಿಲ್ಲ ಅಂತ ಕರೆ ಬಂತು. ನೀವು ಈ ಬೆಂಚಲ್ಲೇ ಟೋಪಿ ಮುಖಕ್ಕೆ ಮುಚ್ಕೊಂಡು ಮಲಗಿದ್ದಿರಿ. ಹೋಗ್ತೀನಿ, ಬೇಕಾದ್ದು ತಗೊಂಡು ಹೋಗ್ತೀನಿ ಅಂದೆ. ಕೈ ಆಡಿಸಿದಿರಿ."

ಯಾರಾದರೂ ಸತ್ತರೆ ಅಂಗಳದಲ್ಲಿ ಉಣ್ಣೆಯ ಗುಡಾರ ಎತ್ತಿ, ಮಣ್ಣಾಗುವ ತನಕ ಹೆಣವನ್ನು ಅದರಲ್ಲಿಡುವುದು ಇಲ್ಲಿಯ ಕ್ರಮ. ಆ ಮನೆಗೆ ಏನು ಬೇಕೋ ಅದನ್ನು ಊರೇ ಕೊಡುತ್ತದೆ. ಕಡಾಯಿ, ಕಂಬಳಿ, ಕುದುರೆ ಎಲ್ಲವೂ ಹೋಗುತ್ತವೆ. ಮಣ್ಣಾದ ಮೇಲೆ ತಾವಾಗಿಯೇ ಹಿಂದಕ್ಕೆ ಬರುತ್ತವೆ.

"ಚಹಾ ಕಾಯಿಸೋ ಸಮೋವಾರ್ ಒಯ್ತೀಯ ಅಂದ್ಕೊಂಡೆ," ಎಂದ ಬೈಸಲ್. "ಎದ್ದು ನೋಡಿದರೆ ಅದು ಇಲ್ಲೇ ಇದೆ. ಬರೀ ನೆಪ. ಅಳೋ ಮನೇಲಿ ಹೆಂಗಸರ ಜೊತೆ ಹರಟೋ ಆಸೆ."

"ನೀನು ಎರಡು ದಿನ ಇಲ್ಲೇ ಇದ್ದೂ ಆ ಮನೆ ಕಡೆ ತಲೆ ಹಾಕಲಿಲ್ಲ, ಬೈಸಲ್," ಎಂದ ಇಸ್ಮಾನಲಿ.

"ಹಾಕಿದ್ದರೆ ಇಲ್ಲಿ ಯಾರು ಕೂರ್ತಿದ್ದರು, ಅತಾ? ಇವಳ ಹಸುನಾ? ಇವಳು ಹೋದ ಮೇಲೆ ಹೆಡ್‌ಫೋನ್ ಹಾಕಿದೋನು ಭಾನುವಾರ ಸಂಜೆಗೇ ತೆಗೆದದ್ದು. ಆಕಾಶ ಚೆನ್ನಾಗಿತ್ತು. ಜಪಾನು, ಇಟಲಿ, ಬ್ರೆಜಿಲ್ಲು, ಹೋದ ವರ್ಷ ಸಿಕ್ಕೋರೆಲ್ಲ ಈ ಸಲವೂ ಸಿಕ್ಕರು. ನಿಮ್ಮ ದನಿ ಗಂಟೆ ಹೊಡೆದ ಹಾಗಿದೆ ಅಂದರು, ಒಬ್ಬೊಬ್ಬರೂ."

ಬುರುಲ್ ತಲೆ ಎತ್ತಿದಳು.

"ನಾನು ಹೋದ ಮೇಲಾ, ಬಾಯ್ಕೆ?"

"ಹೋದ ಮೇಲೇನೆ. ಪೀಡೆ ತೊಲಗಿದ ಮೇಲೆ."

"ಇದೇ ರೇಡಿಯೋದಲ್ಲಿ?"

"ಇನ್ಯಾವುದರಲ್ಲಿ? ನಿನ್ನ ಹಾಲಿನ ಬಕೀಟಲ್ಲಾ?"

ಅವಳು ಅವನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ತಗ್ಗಿಸಿದಳು. ಅವಳಿಗೆ ನಾಚಿಕೆಯಾಯಿತೆಂದು ಬೈಸಲ್ ತಿಳಿದ. ದನಿ ಇನ್ನಷ್ಟು ಏರಿತು. ಈ ಸಲ ಬಹುಮಾನ ಬಂದರೆ ಅದು ತನ್ನೊಬ್ಬನ ದುಡಿಮೆ ಎಂದ. ಮಣ್ಣು ಕೆದಕುವ ಕೈಗೆ ರೇಡಿಯೋದ ಗುಂಡಿ ಯಾಕೆ ಎಂದ. ಕೊನೆಗೆ ಮೇಜು ತಟ್ಟಿದ.

"ಕೀಲಿ ಇಲ್ಲಿಡು. ಇನ್ನು ಮೇಲೆ ಈ ಬಾಗಿಲಿಗೆ ಬರಬೇಡ."

ಕೀಲಿ ಅವಳ ಕೊರಳಿನ ದಾರದಲ್ಲಿತ್ತು. ಅದು ಹೋದರೆ ಚಳಿಗಾಲವಿಡೀ ಅವಳಿಗೆ ಮಾತಿಗೆ ಸಿಗುವುದು ಹಸುವೊಂದೇ. ಅವಳು ದಾರವನ್ನು ತಲೆಯ ಮೇಲಿಂದ ತೆಗೆದು, ಕೀಲಿಯನ್ನು ಮೇಜಿನ ಮೇಲಿಟ್ಟಳು. ಬೈಸಲ್ ಅಂಕಗಳ ಹಾಳೆಯನ್ನು ಅಜ್ಜನ ಮುಂದೆ ಸರಿಸಿದ.

ಇಸ್ಮಾನಲಿ ಪೆನ್ನು ಹಿಡಿದು ತಡೆದ. "ಏನಾದರೂ ಹೇಳೋದಿದೆಯಾ, ಬುರುಲ್?"

"ಇಲ್ಲ, ಅತಾ. ಚೂರು ಕಾಯೋಣ. ಸತಾರ್ ಬರ್ತೀನಿ ಅಂದಿದ್ದಾನೆ."

"ಸಾಕ್ಷಿನೂ ಕರೆಸಿದ್ದಾಳೆ," ಬೈಸಲ್ ನಕ್ಕ. "ಬರಲಿ. ಕಣ್ಣೀರು ಹಾಕಿ ಪುಣ್ಯ ಕಟ್ಕೊಂಡಳು ಅಂತ ಹೇಳಿ ಹೋಗಲಿ."

ಚಹಾ ಆರುವಷ್ಟರಲ್ಲಿ ಬಾಗಿಲು ತೆರೆಯಿತು. ಒಂದಿಷ್ಟು ಮಂಜು, ಅದರ ಹಿಂದೆ ಸತಾರ್, ಜುಮಾಶ್ ಅಜ್ಜನ ಮಗ. ಟೋಪಿ ತೆಗೆದು ಹಿರಿಯನಿಗೆ ಸಲಾಮು ಹೇಳಿದ. ಹೆಗಲಿನಿಂದ ತಾಮ್ರದ ತಂತಿಯ ದೊಡ್ಡ ಸುರುಳಿಯೊಂದನ್ನು ಇಳಿಸಿ, ಕೀಲಿಯ ಪಕ್ಕದಲ್ಲಿಟ್ಟ. ತಂತಿಗೆ ಅಲ್ಲಲ್ಲಿ ಉಣ್ಣೆಯ ಎಳೆಗಳು ಅಂಟಿದ್ದವು.

"ತಗೊಳ್ಳಿ, ಬುರುಲ್ ಎಜೆ, ನಿಮ್ಮ ಕಂಬದ್ದು. ಶನಿವಾರ ನೀವು ಇದನ್ನ ಬಿಚ್ಚಿ ತಂದು ಬಿಗೀದೆ ಹೋಗಿದ್ದರೆ ಅಪ್ಪನ ಗುಡಾರ ಹಾರಿಹೋಗ್ತಿತ್ತು. ನಿನ್ನೆ ಮಣ್ಣಾಯ್ತು, ಇವತ್ತು ಒಪ್ಪಿಸಿದೆ," ಎಂದ ಸತಾರ್.

ಮತ್ತೆ ಬೈಸಲ್ ಕಡೆ ತಿರುಗಿ ತಲೆ ಬಾಗಿಸಿದ. "ನಮ್ಮಿಂದಾಗಿ ಸ್ಪರ್ಧೆ ಹೊತ್ತಲ್ಲೇ ನಿಮ್ಮ ರೇಡಿಯೋ ಎರಡು ದಿನ ಮೂಕವಾಯ್ತಲ್ಲ, ಬಾಯ್ಕೆ, ಅದೊಂದೇ ಬೇಜಾರು."