ಅದೇ ಡೈಲಾಗು

ಹಿರಿಯ ಹಾಸ್ಯನಟರೊಬ್ಬರು ಪೊಲೀಸ್ ಸ್ಟೇಷನ್ ಬಾಗಿಲಲ್ಲಿ ನಿಂತಿದ್ದನ್ನು ಕಂಡು ಹೆಡ್ ಕಾನ್‌ಸ್ಟೇಬಲ್ ಕರಿಬಸಯ್ಯ ಕುರ್ಚಿಯಿಂದ ದಡಬಡಿಸಿ ಎದ್ದ. ಪೊಲೀಸ್ ತರಬೇತಿಗೆ ಬಂದ ಎಡವಟ್ಟು ಹುಡುಗರ ನಗೆಸಿನಿಮಾ ಸರಣಿಯ ಏಳೂ ಭಾಗಗಳನ್ನು ಅವನು ನೋಡಿದ್ದ. ಪ್ರತಿ ಭಾಗದಲ್ಲೂ ಈ ನಟರು ಅಭಿನಯಿಸಿದ ಪೆದ್ದು ಪೇದೆ ತನ್ನದೇ ಬೀಟಿನಲ್ಲಿ ದಾರಿ ತಪ್ಪಿ, ಯಾವುದೋ ಸ್ಟೇಷನ್ನಿಗೆ ಹೋಗಿ, ತಾನೇ ಕಾಣೆಯಾಗಿದ್ದೇನೆಂದು ದೂರು ಕೊಡುತ್ತಿದ್ದ. ಥಿಯೇಟರಿಗೆ ಥಿಯೇಟರೇ ಬಿದ್ದು ಬಿದ್ದು ನಗುತ್ತಿತ್ತು.

"ಏನ್ ಸಾರ್, ನಮ್ ಸ್ಟೇಷನ್ನಿಗೆ ನೀವು!"

ನಟರು ತುಟಿ ಸವರಿಕೊಂಡರು. "ಒಂದು ಕಂಪ್ಲೇಂಟ್ ಬರ್ಕೊಳ್ಳಿ ಸಾರ್. ನಾನು ಕಳೆದ್ಹೋಗಿದೀನಿ."

ಸ್ಟೇಷನ್ನೆಲ್ಲ ಗೊಳ್ಳೆಂದು ನಕ್ಕಿತು.

"ಅಯ್ಯೋ, ಅದೇ ಡೈಲಾಗು! ಇನ್ನೊಂದ್ಸಲ ಹೇಳಿ ಸಾರ್, ನಮ್ ಸಾಹೇಬ್ರೂ ಕೇಳ್ಲಿ."

ಅವರು ಇನ್ನೊಂದು ಸಲ ಹೇಳಿದರು. ಮೂರನೆಯ ಸಲಕ್ಕೆ ಅವರ ಕಣ್ಣಲ್ಲಿ ನೀರೇ ಬಂತು. "ಮನೆ ಯಾವ ಕಡೆಗೋ ಗೊತ್ತಾಗ್ತಿಲ್ಲಪ್ಪ, ದಮ್ಮಯ್ಯ ಅಂತೀನಿ."

"ಎಂಥಾ ಆ್ಯಕ್ಟಿಂಗು ನೋಡ್ರೋ!" ಎಂದು ಕರಿಬಸಯ್ಯ ಅವರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಂಡ. ಟೀ ಕುಡಿಸಿದ. ಗೇಟಿನ ತನಕ ಹೋಗಿ ಸಲ್ಯೂಟ್ ಹೊಡೆದು ಕಳಿಸಿಕೊಟ್ಟ. ನಟರು ರಸ್ತೆಯ ಆ ಕಡೆ ಈ ಕಡೆ ನೋಡಿ ಜನರೊಳಗೆ ಸೇರಿಹೋದರು.

ಸಂಜೆ ಅವರ ಹೆಂಡತಿ ಏದುಸಿರು ಬಿಡುತ್ತಾ ಬಂದರು.

"ನಮ್ಮ ಯಜಮಾನ್ರು ಬೆಳಗ್ಗೆಯಿಂದ ಕಾಣಿಸ್ತಿಲ್ಲ. ಮರೆವಿನ ಕಾಯಿಲೆ ಇದೆ ಅವ್ರಿಗೆ. ಹುಡುಕೋಕೆ ಈಚಿನ ಫೋಟೋ ಬೇಕಂತಲ್ಲ, ಇದು ಹೋದ ವರ್ಷದ್ದು. ಆಗುತ್ತಾ?"

ಅದಕ್ಕಿಂತ ಹೊಸದು ಕರಿಬಸಯ್ಯನ ಮೊಬೈಲಿನಲ್ಲಿತ್ತು.